ಬೋನಸ್ಸೋ, ಬಡ್ಡಿಯೋ?

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಇಬ್ಬರು ಸೈಕಲ್ಲಿನಲ್ಲಿ ಹೊರಟರೆನ್ನೋಣ. ಒಬ್ಬನು ತುಸು ಮುಂದಿನಿಂದ ಹೊರಟರೂ, ಹಿಂದಿನವನ ವೇಗ ಹೆಚ್ಚಾಗಿದ್ದರೆ ದಾರಿಯಲ್ಲಿಯೇ ಹಿಂದೆ ಬೀಳುವನು. ನಿವೃತ್ತಿಗೆಂದು ಇಡುವ ಠೇವಣಿಯೂ ಹೀಗೆಯೇ.

ಪತ್ತಿನ ಸಹಕಾರ ಸಂಘವೊಂದು ೧ ಲಕ್ಷ ರೂಪಾಯಿಗೆ ೨,೦೦೦ ರೂಪಾಯಿ ಬೋನಸ್ ಸೇರಿಸಿ ಶೇಕಡಾ ೬ರ ಚಕ್ರಬಡ್ಡಿ ಕೊಡುವುದೆಂದೂ, ಸಹಕಾರ ಬ್ಯಾಂಕೊಂದು ಬೋನಸ್ಸಿಲ್ಲದೆ ಶೇಕಡಾ ೭ ಕೊಡುವುದೆಂದೂ ಇಟ್ಟುಕೊಳ್ಳೋಣ. ಎರಡು ವರ್ಷ ಸಂಘವೇ ಮುಂದು. ಮೂರನೆಯ ವರ್ಷ ಬ್ಯಾಂಕು ಅದನ್ನು ದಾಟುತ್ತದೆ. ಇಪ್ಪತ್ತು ವರ್ಷಕ್ಕೆ ಸಂಘದಲ್ಲಿ ಸುಮಾರು ೩,೨೭,೦೦೦, ಬ್ಯಾಂಕಿನಲ್ಲಿ ೩,೮೭,೦೦೦ ರೂಪಾಯಿ! ಎರಡು ಸಾವಿರದ ಆಸೆಗೆ ಅರವತ್ತು ಸಾವಿರ ನಷ್ಟ.

ವೇಗವೊಂದೇ ಸಾಲದು, ಸೇತುವೆಯೂ ಗಟ್ಟಿಯಿರಬೇಕಷ್ಟೆ. ಬ್ಯಾಂಕಿನ ಠೇವಣಿಗೆ ೨೦೨೦ರಿಂದ ೫ ಲಕ್ಷ ರೂಪಾಯಿಯವರೆಗೆ ವಿಮೆಯುಂಟು. ಪತ್ತಿನ ಸಂಘದ ಠೇವಣಿಗೆ ಆ ರಕ್ಷಣೆಯಿಲ್ಲ. ಅರಕಲಗೂಡು, ಹೊಳೆನರಸೀಪುರಗಳ ನಮ್ಮ ಓದುಗರು ತಂದೆಯವರ ಠೇವಣಿ ಪತ್ರದಲ್ಲಿ ‘ಬ್ಯಾಂಕು’ ಎಂದಿದೆಯೋ ‘ಸಂಘ’ ಎಂದಿದೆಯೋ ನೋಡಲಿ.