ಶೇಂಗಾ ಎಣ್ಣೆಯ ಎಂಜಿನ್: ಡೀಸೆಲ್ ಐತಿಹ್ಯ ಮತ್ತು ಪೇಟೆಂಟ್ ದಾಖಲೆಗಳು

ಜರ್ಮನಿಯ ರುಡಾಲ್ಫ್ ಡೀಸೆಲ್ ತನ್ನ ಎಂಜಿನನ್ನು ರೂಪಿಸಿದ್ದೇ ಶೇಂಗಾ ಎಣ್ಣೆಗಾಗಿ. 1893ರ ಆಗಸ್ಟ್ 10ರಂದು ಆ ಎಣ್ಣೆಯಿಂದಲೇ ಅದು ಮೊದಲ ಬಾರಿಗೆ ಓಡಿತು. ಇದನ್ನು ಸಹಿಸದ ತೈಲ ಕಂಪನಿಗಳು ಅವನನ್ನು ಸಮುದ್ರಕ್ಕೆ ನೂಕಿಸಿದವು. ಪರ್ಯಾಯ ಇಂಧನದ ಕುರಿತ ಭಾಷಣಗಳಲ್ಲಿ, ಶಾಲಾ ಪ್ರಬಂಧಗಳಲ್ಲಿ, ಎಣ್ಣೆ ಗಿರಣಿಯ ಮುಂದಿನ ಹರಟೆಯಲ್ಲಿ ಈ ಕಥನವು ಅಲ್ಪಸ್ವಲ್ಪ ಪಾಠಾಂತರಗಳೊಂದಿಗೆ ದೊರೆಯುತ್ತದೆ. ಪರಿಚಿತ ವ್ಯಕ್ತಿ, ಖಚಿತ ದಿನಾಂಕ, ನಿಗೂಢ ಸಾವು, ಕೇಳುಗನು ನಂಬಬೇಕೆಂಬ ಒತ್ತಾಯ: ಜಾನಪದ ಶಾಸ್ತ್ರವು ಐತಿಹ್ಯಕ್ಕೆ ಹೇಳುವ ಲಕ್ಷಣಗಳೆಲ್ಲ ಇಲ್ಲಿವೆ. ಸಾಮಾನ್ಯ ಐತಿಹ್ಯಗಳಿಗಿಲ್ಲದ ಒಂದು ಅನುಕೂಲ ಇದಕ್ಕಿದೆ. ಇದರ ನಾಯಕನು ತನ್ನ ಕೆಲಸದ ಲಿಖಿತ ದಾಖಲೆಯನ್ನು ಬಿಟ್ಟುಹೋಗಿದ್ದಾನೆ.

ಮೊದಲನೆಯದು ಜರ್ಮನ್ ಸಾಮ್ರಾಜ್ಯದ ಪೇಟೆಂಟ್ ಸಂಖ್ಯೆ 67207. 1892ರ ಫೆಬ್ರುವರಿ 28ರಿಂದ ಅನ್ವಯವಾಗುವಂತೆ ಇದು 1893ರಲ್ಲಿ ಮಂಜೂರಾಯಿತು. ಗಾಳಿಯನ್ನು ಮಾತ್ರ ಬಲವಾಗಿ ಸಂಪೀಡಿಸಿ, ಅದರ ಉಷ್ಣತೆಯನ್ನು ಇಂಧನದ ಜ್ವಲನಬಿಂದುವಿಗಿಂತ ಬಹಳ ಮೇಲಕ್ಕೇರಿಸಿ, ಅನಂತರ ಇಂಧನವನ್ನು ಕ್ರಮಕ್ರಮವಾಗಿ ಒಳಬಿಡುವುದು ಇದರ ತಿರುಳು. ಇಂಧನವು ಘನ, ದ್ರವ, ಅನಿಲ ಯಾವ ರೂಪದಲ್ಲಾದರೂ ಇರಬಹುದೆಂಬುದು ಡೀಸೆಲ್‌ನ ಕಲ್ಪನೆಯಾಗಿತ್ತು. ಕಲ್ಲಿದ್ದಲ ಪುಡಿಯ ಮೇಲೆ ಅವನಿಗೆ ವಿಶೇಷ ಭರವಸೆಯಿತ್ತು. ಶೇಂಗಾ ಆ ಯೋಜನೆಯ ಕೇಂದ್ರದಲ್ಲಿರಲಿಲ್ಲ. ದಹನದ ವೇಳೆ ಉಷ್ಣತೆ ಹೆಚ್ಚು ಏರಬಾರದೆಂಬ ಮೂಲ ಕಲ್ಪನೆಯು ಆಚರಣೆಯಲ್ಲಿ ಅಸಾಧ್ಯವೆಂದು ಡೀಸೆಲ್‌ಗೆ ಬೇಗನೆ ಮನವರಿಕೆಯಾಯಿತು. 1893ರ ನವೆಂಬರಿನಲ್ಲಿ ಅವನು ಮತ್ತೊಂದು ಅರ್ಜಿ ಸಲ್ಲಿಸಿ 82168 ಸಂಖ್ಯೆಯ ಪೇಟೆಂಟನ್ನು ಪಡೆದನು. ಕೊನೆಗೆ ಓಡಿದ ಎಂಜಿನ್ ಮೊದಲ ಪೇಟೆಂಟಿನ ಎಂಜಿನ್ ಆಗಿರಲಿಲ್ಲ ಎಂಬುದೇ ಮುಂದಿನ ವಿವಾದಗಳ ಬೇರು.

ಆಗಸ್ಟ್ 10ರಂದು ನಡೆದದ್ದೇನು? ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯಲ್ಲಿ ಆ ದಿನ ಪ್ರಯೋಗ ನಡೆದದ್ದು ನಿಜ. ಆದರೆ ಬಳಸಿದ ಇಂಧನ ಪೆಟ್ರೋಲು. ಒಮ್ಮೆ ದಹನವಾಯಿತು, ಒತ್ತಡ ಅಳೆಯುವ ಸೂಚಕ ಸಿಡಿಯಿತು, ಎಂಜಿನ್ ಸ್ವಂತ ಬಲದಿಂದ ಓಡಲಿಲ್ಲ. ಅದು ಸುಮಾರು ಒಂದು ನಿಮಿಷ ತಾನೇ ತಿರುಗಿದ್ದು 1894ರ ಫೆಬ್ರುವರಿ 17ರಂದು. ಸರಿಯಾಗಿ ಮೂರು ವರ್ಷಗಳ ತರುವಾಯ, 1897ರಲ್ಲಿ, ಮ್ಯೂನಿಕ್‌ನ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ನಡೆಸಿದ ಅಧಿಕೃತ ಪರೀಕ್ಷೆಯಲ್ಲಿ ಸೀಮೆಎಣ್ಣೆಯಿಂದ ಓಡಿದ ಎಂಜಿನ್ ಶೇಕಡಾ 26.2ರಷ್ಟು ದಕ್ಷತೆಯನ್ನು ತೋರಿತು.

ಹಾಗಾದರೆ ಶೇಂಗಾ ಎಲ್ಲಿಂದ ಬಂತು? ಇದಕ್ಕೆ ಮೂಲ ಡೀಸೆಲ್‌ನ ಮಾತೇ. 1912ರಲ್ಲಿ ಲಂಡನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ಮಂಡಿಸಿದ ಪ್ರಬಂಧದಲ್ಲಿ ಅವನು 1900ರ ಪ್ಯಾರಿಸ್ ಪ್ರದರ್ಶನವನ್ನು ನೆನೆಯುತ್ತಾನೆ. ಅಲ್ಲಿ ಓಟೊ ಕಂಪನಿಯು ಫ್ರೆಂಚ್ ಸರ್ಕಾರದ ಕೋರಿಕೆಯಂತೆ ಒಂದು ಸಣ್ಣ ಡೀಸೆಲ್ ಎಂಜಿನನ್ನು ಶೇಂಗಾ ಎಣ್ಣೆಯಿಂದ ಓಡಿಸಿತ್ತು. ಆಫ್ರಿಕದ ವಸಾಹತುಗಳಲ್ಲಿ ಸುಲಭವಾಗಿ ಬೆಳೆಯುವ ಕಾಳಿನಿಂದ ಅಲ್ಲಿಯೇ ಶಕ್ತಿ ಉತ್ಪಾದಿಸಿ, ಕಲ್ಲಿದ್ದಲ ಆಮದನ್ನು ತಪ್ಪಿಸುವುದು ಸರ್ಕಾರದ ಉದ್ದೇಶ. ಖನಿಜ ತೈಲಕ್ಕಾಗಿ ಕಟ್ಟಿದ ಎಂಜಿನ್ ಯಾವ ಮಾರ್ಪಾಡೂ ಇಲ್ಲದೆ ಓಡಿತೆಂದೂ ನೋಡಿದವರಲ್ಲಿ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯಲಿಲ್ಲವೆಂದೂ ಅವನು ಹೇಳುತ್ತಾನೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹರಳೆಣ್ಣೆಯಿಂದಲೂ ಪ್ರಯೋಗ ನಡೆದಿತ್ತು. ವಸಾಹತು ಆಡಳಿತವೊಂದರ ಲೆಕ್ಕಾಚಾರವು ಜನರ ಬಾಯಲ್ಲಿ ರೈತಪರ ವಿಜ್ಞಾನಿಯ ಕನಸಾಗಿ ಮಾರ್ಪಟ್ಟಿದೆ. ಐತಿಹ್ಯದ ಈ ಕೈವಾಡ ನನಗೆ ಎಂಜಿನ್ನಿನಷ್ಟೇ ಕುತೂಹಲಕರವಾಗಿ ತೋರುತ್ತದೆ.

'ಡೀಸೆಲ್ ಪುರಾಣ' ಎಂಬ ಮಾತು ಜಾನಪದ ವಿದ್ವಾಂಸರು ಸೃಷ್ಟಿಸಿದ್ದಲ್ಲ. ಯೋಹಾನೆಸ್ ಲ್ಯೂಡರ್ಸ್ ಎಂಬ ಆಖನ್ನಿನ ಪ್ರಾಧ್ಯಾಪಕನು 1913ರಲ್ಲಿ ಡೀಸೆಲ್‌ನ ಸ್ವಂತಿಕೆಯನ್ನು ಪ್ರಶ್ನಿಸಿ ಪ್ರಕಟಿಸಿದ ಪುಸ್ತಕದ ಹೆಸರೇ ಅದು. ಅದೇ ವರ್ಷ ಸೆಪ್ಟೆಂಬರ್ 29ರ ರಾತ್ರಿ, ಆಂಟ್ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಹಡಗಿನಿಂದ ಡೀಸೆಲ್ ಕಾಣೆಯಾದನು. ಅವನಾಗ ಸಾಲದಲ್ಲಿ ಮುಳುಗಿದ್ದನು. ಕೊಲೆಯ ಕಥೆ ಹೇಳುವವರು ಮರೆಯುವ ಸಂಗತಿಯೊಂದಿದೆ: ಜರ್ಮನ್ ಪೇಟೆಂಟಿನ ಅವಧಿ 15 ವರ್ಷ. ಆತ ಸಾಯುವ ವೇಳೆಗೆ ಮೊದಲ ಪೇಟೆಂಟು ಸಾರ್ವಜನಿಕ ಸ್ವತ್ತಾಗಿ ಹಲವು ವರ್ಷಗಳಾಗಿದ್ದವು.

ಸಸ್ಯತೈಲ ಇಂಧನಕ್ಕೆ ನಿಜವಾಗಿ ಸಂಬಂಧಿಸಿದ ಪೇಟೆಂಟು ಬೇರೆಯೇ ಇದೆ. ಬ್ರಸೆಲ್ಸ್ ವಿಶ್ವವಿದ್ಯಾಲಯದ ಶವಾನ್ ಎಂಬಾತನಿಗೆ 1937ರಲ್ಲಿ ದೊರೆತ ಬೆಲ್ಜಿಯನ್ ಪೇಟೆಂಟ್ 422877, ತಾಳೆ ಮೊದಲಾದ ಎಣ್ಣೆಗಳನ್ನು ಮದ್ಯಸಾರದೊಡನೆ ವರ್ತಿಸುವಂತೆ ಮಾಡಿ ತೆಳುವಾದ ಎಸ್ಟರನ್ನು ಪಡೆಯುವ ವಿಧಾನವನ್ನು ವಿವರಿಸುತ್ತದೆ. ಇಂದಿನ ಜೈವಿಕ ಡೀಸೆಲ್ ಇದೇ. ಶವಾನ್‌ನ ಮೇಲೆ ಯಾವ ಐತಿಹ್ಯವೂ ಹುಟ್ಟಿಲ್ಲ.

ಭಾರತದಲ್ಲಿ 2015ರಿಂದ ಆಗಸ್ಟ್ 10ನ್ನು ವಿಶ್ವ ಜೈವಿಕ ಇಂಧನ ದಿನವಾಗಿ ಆಚರಿಸಲಾಗುತ್ತಿದೆ. ಸಮರ್ಥನೆಗೆ ಅದೇ 1893ರ ಶೇಂಗಾ ಎಣ್ಣೆ. ಮೌಖಿಕ ಕಥನವು ಸರ್ಕಾರಿ ಕಡತವನ್ನು ಸೇರಿದ ಮೇಲೆ ಅದನ್ನು ತಿದ್ದುವುದು ಕಷ್ಟ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ, ಅದು ನಮಗೆ ಹೆಚ್ಚು ಹತ್ತಿರದ್ದು. ನಮ್ಮ ಹಳ್ಳಿಗಳಲ್ಲಿ ದೀಪಕ್ಕೆ ಉರಿಯುತ್ತಿದ್ದ ಹೊಂಗೆ ಎಣ್ಣೆಯಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರ ತಂಡ ಡೀಸೆಲ್ ಎಂಜಿನ್ನುಗಳನ್ನು ಓಡಿಸಿ ತೋರಿಸಿತು. ಕಾಯಿ ಕೀಳುವ ಕಾಲ, ಬೀಜ ಒಣಗಿಸುವ ಹದ, ಎಣ್ಣೆ ಕೆಡದಂತೆ ಇಡುವ ಬಗೆ ಗಾಣದವರಿಗೂ ಬೀಜ ಆಯುವ ಹೆಂಗಸರಿಗೂ ತಿಳಿದಿತ್ತು. ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಸಲ್ಲದೆಂದು ಭಾರತೀಯ ಪೇಟೆಂಟ್ ಕಾಯ್ದೆಯ 3(ಪಿ) ವಿಧಿ ಹೇಳುತ್ತದೆ. ಆದರೆ ಅದು ಸಾಂಪ್ರದಾಯಿಕವೆಂದು ಪರೀಕ್ಷಕನ ಮುಂದೆ ತೋರಿಸಲು ದಾಖಲೆ ಬೇಕು. 2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳನ್ನು ಆಧರಿಸಿದೆ. ಬರೆದಿಡದ ತಿಳಿವಳಿಕೆ ಅದರ ಹೊರಗೇ ಉಳಿಯುತ್ತದೆ. ನಮ್ಮ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಹೊಂಗೆಯ ಗಾದೆ, ಒಗಟು, ಹಾಡುಗಳು ಸಾಕಷ್ಟಿವೆ. ಎಣ್ಣೆ ತೆಗೆಯುವ ಕ್ರಮವನ್ನು ವಕ್ತೃವಿನ ಹೆಸರು, ಊರು, ದಿನಾಂಕ, ಬೀಜದ ಅಳತೆ ಸಮೇತ ಬರೆದುಕೊಂಡ ಪುಟಗಳು ನನ್ನ ಸಂಗ್ರಹದಲ್ಲಿಯೂ ವಿರಳ.