ಹಳೆಯ ಗಣಕಕ್ಕೆ ಹೊಸ ಬಾಳು

ಗಣಕಯಂತ್ರದ ಅಂಗಾಂಗಗಳನ್ನು ದುಡಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಮುಂದಿನ ಆವೃತ್ತಿಯನ್ನು ಹೊರಲಾರದ ಗಣಕಗಳು ಗಟ್ಟಿಮುಟ್ಟಾಗಿದ್ದರೂ ಮೂಲೆಗುಂಪಾಗಬೇಕೆ? ಬೇಕಿಲ್ಲ. ಫಿನ್‌ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಹೊರತಂದ ಲಿನಕ್ಸ್ ಇದೆ. ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಆಧರಿಸಿದ ಉಬುಂಟು, ಡೆಬಿಯನ್ ಮೊದಲಾದ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ.

ಬದಲಾವಣೆಗೆ ಮುನ್ನ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಕೊಳ್ಳಬೇಕು. ಸ್ಥಾಪನೆಯ ವೇಳೆ ಹಳೆಯವು ಅಳಿಸಿಹೋಗಬಹುದು. ಬಳಿಕ ಹೊಸ ವ್ಯವಸ್ಥೆಯನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ಧ್ವನಿ, ಮುದ್ರಕ, ಅಂತರಜಾಲಗಳು ಕೆಲಸ ಮಾಡುವವೇ ಎಂದು ಪರೀಕ್ಷಿಸಬೇಕು. ಎಲ್ಲವೂ ಸರಿಯಿದ್ದರೆ ಮಾತ್ರ ಸ್ಥಾಪಿಸಬೇಕು. ವಿಂಡೋಸಿಗೆಂದೇ ರಚಿತವಾದ ಕೆಲವು ತಂತ್ರಾಂಶಗಳು ಇಲ್ಲಿ ನಡೆಯವು. ಆದುದರಿಂದ ಅವುಗಳಿಗೆ ಬದಲಿಯನ್ನು ಮೊದಲೇ ಅರಸಿಟ್ಟುಕೊಳ್ಳುವುದು ಜಾಣತನ.