ಬೂದಿದಿಬ್ಬದ ಕಾಲದ ಕಾಳುಗಳು ಮತ್ತು ನಮ್ಮ ಮನೆಮದ್ದು

ನಮ್ಮ ತೋರಣಗಲ್ಲಿನಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುಡತಿನಿ ಹತ್ತಿರ ಒಂದು ಬೂದಿದಿಬ್ಬ ಇದೆ. ಭೀಮನು ಹಿಡಿಂಬಾಸುರನನ್ನು ಕೊಂದು ಸುಟ್ಟ ಬೂದಿ ಅದು ಅಂತ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳು ಇಂಥ ದಿಬ್ಬಗಳ ಬೂದಿಯನ್ನು ಪರೀಕ್ಷೆ ಮಾಡಿ, ಅದು ದನದ ಸಗಣಿ ಸುಟ್ಟು ಆದ ಬೂದಿ ಎಂದು ತಿಳಿಸಿದ್ದಾರೆ. ಸುಮಾರು 4000 ವರ್ಷಗಳ ಹಿಂದೆ ನಮ್ಮ ಸೀಮೆಯಲ್ಲಿ ಕಲ್ಲಿನ ಕೊಡಲಿ ಹಿಡಿದು, ದನ ಸಾಕಿಕೊಂಡು ಜನ ಬಾಳುತ್ತಿದ್ದರು. ಆ ಕಾಲಕ್ಕೆ ನವಶಿಲಾಯುಗ ಎನ್ನುತ್ತಾರೆ. ಅವರಿಗೆ ಬರೆಯಲು ಬರುತ್ತಿರಲಿಲ್ಲ. ಹಾಗಾದರೆ ಅವರು ಏನು ಉಣ್ಣುತ್ತಿದ್ದರು, ಜ್ವರ ಬಂದರೆ ಏನು ಮದ್ದು ಮಾಡುತ್ತಿದ್ದರು ಅಂತ ತಿಳಿಯುವುದು ಹೇಗೆ?

ಇದಕ್ಕೆ ಉತ್ತರ ಕೊಡುವುದು ಸುಟ್ಟ ಕಾಳು. ಹಸಿ ಕಾಳು ಮಣ್ಣಿಗೆ ಬಿದ್ದರೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಒಲೆಯ ಬೂದಿಯಲ್ಲಿ ಮುಚ್ಚಿಹೋಗಿ, ಗಾಳಿ ಸಾಲದೆ ಕರಿದಾದ ಕಾಳು ಮಾತ್ರ ಇದ್ದಿಲಾಗುತ್ತದೆ. ಇದ್ದಿಲನ್ನು ಹುಳ ತಿನ್ನುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ಅದು ಸಾವಿರಾರು ವರ್ಷ ಹಾಗೇ ಇರುತ್ತದೆ.

ಅದನ್ನು ಹುಡುಕುವ ವಿಧಾನ ಬಲು ಸುಲಭ. ಅಗೆದ ಮಣ್ಣನ್ನು ನೀರಿಗೆ ಹಾಕಿ ಮೆಲ್ಲಗೆ ಕಲಕುತ್ತಾರೆ. ಮಣ್ಣು, ಕಲ್ಲು ತಳಕ್ಕೆ ಇಳಿಯುತ್ತವೆ. ಹಗುರಾದ ಇದ್ದಿಲು ಮೇಲೆ ತೇಲುತ್ತದೆ. ಅದನ್ನು ಸಣ್ಣ ಜರಡಿಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಗಿಡದ್ದು ಎಂದು ಗುರುತಿಸುತ್ತಾರೆ.

ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ 1946ರಲ್ಲಿ ಸುಬ್ಬರಾವ್ ಅವರು ಉತ್ಖನನ ಮಾಡಿದ್ದರು. ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಡೋರಿಯನ್ ಫುಲ್ಲರ್ ಮೊದಲಾದವರು ಸಂಗನಕಲ್ಲು, ತೆಕ್ಕಲಕೋಟೆ ಮುಂತಾದ ಕಡೆಯ ಮಣ್ಣನ್ನು ಹೀಗೆ ತೇಲಿಸಿ ನೋಡಿದರು. ಸಿಕ್ಕದ್ದು ಏನು ಗೊತ್ತೇ? ಹುರುಳಿ, ಹೆಸರು, ಕೊರಲೆ, ಮತ್ತು ನವಣೆ ಜಾತಿಯ ಒಂದು ಸಣ್ಣ ಕಾಳು!

ಹುರುಳಿ, ಹೆಸರು ಈಗಲೂ ನಮ್ಮ ಅಡುಗೆಮನೆಯಲ್ಲಿವೆ. ಅವು ಬರೀ ಊಟವಲ್ಲ, ಮದ್ದೂ ಹೌದು. ನೆಗಡಿಯಾದರೆ ಅಜ್ಜಿ "ಹುಳ್ಳಿ ಕಟ್ಟು ಬಿಸಿಬಿಸಿ ಕುಡಿ, ಎದಿ ಸಡಿಲಾಗ್ತದ" ಅಂತಾರೆ. ಜ್ವರ ಬಿಟ್ಟವರಿಗೆ ಹೆಸರುಬೇಳೆ ಗಂಜಿ ಕೊಡುತ್ತಾರೆ. ಹಾಗಂತ ಆ ಕಾಲದವರೂ ಹೀಗೇ ಮಾಡಿದರು ಎಂದು ಹೇಳುವ ಹಾಗಿಲ್ಲ. ಕಾಳು ಇತ್ತು ಎಂಬುದಕ್ಕೆ ಸಾಕ್ಷಿ ಇದೆ, ಯಾಕೆ ಬೇಯಿಸಿದರು ಎಂಬುದಕ್ಕೆ ಇಲ್ಲ. ಸಂಗನಕಲ್ಲಿನಲ್ಲಿ 3000 ವರ್ಷಕ್ಕೂ ಹಳೆಯದಾದ ಶ್ರೀಗಂಧದ ಮರದ ಇದ್ದಿಲೂ ಸಿಕ್ಕಿದೆ. ಅವರು ಗಂಧ ತೇಯ್ದು ಹಣೆಗೆ ಹಚ್ಚುತ್ತಿದ್ದರೋ, ಬರೀ ಒಲೆಗೆ ಹಾಕುತ್ತಿದ್ದರೋ ಇದ್ದಿಲು ಹೇಳುವುದಿಲ್ಲ.

ಔಷಧಿ ಸೊಪ್ಪುಗಳು ಯಾಕೆ ಸಿಗುವುದು ಕಡಿಮೆ ಎಂದು ನಾನು ಯೋಚಿಸಿದೆ. ಸೊಪ್ಪು, ಬೇರು, ತೊಗಟೆಗಳನ್ನು ಅರೆಯುತ್ತೇವೆ, ಕುದಿಸಿ ಕಷಾಯ ಮಾಡುತ್ತೇವೆ, ಬೆಂಕಿಗೆ ಹಾಕುವುದಿಲ್ಲ. ಸೋಸಿ ಚೆಲ್ಲಿದ ಚರಟ ಕೊಳೆತುಹೋಗುತ್ತದೆ. ಬೆಂಕಿಗೆ ಬಿದ್ದರೂ ತೆಳು ಎಲೆ ಕ್ಷಣದಲ್ಲಿ ಬೂದಿ. ಆದ್ದರಿಂದ ಮದ್ದಿನ ವಿದ್ಯೆ ಮಣ್ಣಿಗಿಂತ ಹೆಚ್ಚಾಗಿ ಬಾಯಿಮಾತಿನಲ್ಲಿ ಉಳಿದು ಬಂತು. ಬರವಣಿಗೆ ಬಂದ ಮೇಲೆ ಅದಕ್ಕೆ ಬೇರೆ ಸಾಕ್ಷಿ ಸಿಕ್ಕಿತು. ಸುಮಾರು 2250 ವರ್ಷಗಳ ಹಿಂದೆ ಅಶೋಕ ಚಕ್ರವರ್ತಿ ತನ್ನ ಎರಡನೆಯ ದೊಡ್ಡ ಬಂಡೆ ಶಾಸನದಲ್ಲಿ, ಮನುಷ್ಯರಿಗೂ ಪ್ರಾಣಿಗಳಿಗೂ ಬೇಕಾದ ಔಷಧಿ ಗಿಡಗಳು ಇಲ್ಲದ ಕಡೆ ತರಿಸಿ ನೆಡಿಸಿದೆ ಎಂದು ಬರೆಸಿದ್ದಾನೆ. ಅದೇ ಅಶೋಕನ ಬೇರೆ ಶಾಸನಗಳು ನಮ್ಮ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೆಗೋಳದಲ್ಲೂ ಇವೆ.

ಗೆಳೆಯರೇ, ನನ್ನದು ಎರಡು ಮಾತು. ಒಂದು, ಬೂದಿದಿಬ್ಬದ ಮಣ್ಣನ್ನು ಹೊಲಕ್ಕೆ ಗೊಬ್ಬರವೆಂದು ಯಾರೂ ಹೇರಬಾರದು. ಒಂದು ಬಂಡಿ ಮಣ್ಣು ಹೋದರೆ ಅದರಲ್ಲಿದ್ದ ಕರಿಕಾಳೂ ಹೋದಂತೆ, ಅದು ಮತ್ತೆ ಹುಟ್ಟುವುದಿಲ್ಲ. ಎರಡು, ನಮ್ಮ ಅಜ್ಜ ಅಜ್ಜಿಯರಿಗೆ ಗೊತ್ತಿರುವ ಗಿಡದ ಹೆಸರು, ಎಲ್ಲಿ ಬೆಳೆಯುತ್ತದೆ, ಯಾವ ಬ್ಯಾನಿಗೆ ಕೊಡುತ್ತಿದ್ದರು ಎಂಬುದನ್ನು ಈಗಲೇ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಗುರುಗಳಿಗೆ ತೋರಿಸೋಣ. ನಾವೇ ಅರೆದು ಕುಡಿಯುವುದು ಮಾತ್ರ ಬೇಡ, ಕಾಯಿಲೆಯಾದರೆ ಆಸ್ಪತ್ರೆಗೇ ಹೋಗಬೇಕು. ಕಾಳನ್ನು ಬೆಂಕಿ ಉಳಿಸಿತು. ಸೊಪ್ಪಿನ ವಿದ್ಯೆಯನ್ನು ನಾವು ಬರೆದೇ ಉಳಿಸಬೇಕು.

– 7ನೇ ತರಗತಿ